ಹಣ್ಣು-ಬನ್ನು ವಿತರಣೆ

ಹುಟ್ಟುಹಬ್ಬವನ್ನು ಆಸ್ಪತ್ರೆಯಲ್ಲಿ ಆಚರಿಸಿಕೊಳ್ಳುವ ಚಟ ನನಗೆ ಐವತ್ತು ದಾಟಿದ ಮೇಲೆ ಅಂಟಿತು. ನನಗೇನೂ ಕಾಯಿಲೆ ಇರಲಿಲ್ಲ. ಕಾಯಿಲೆ ಇದ್ದವರಿಗೆ ಹಣ್ಣು, ಬನ್ನು ಹಂಚುತ್ತಿದ್ದೆ, ಅಷ್ಟೇ. ಮಂಡಿಪೇಟೆಯಲ್ಲಿ ಮೂವತ್ತು ವರ್ಷ ಬೆಲ್ಲದ ವ್ಯಾಪಾರ ಮಾಡಿದರೂ ದಾವಣಗೆರೆಯ ಯಾವ ಪತ್ರಿಕೆಯೂ ನನ್ನ ಮುಖ ನೋಡಿರಲಿಲ್ಲ. ಒಂದು ಬುಟ್ಟಿ ಕಿತ್ತಳೆ ಹಂಚಿದ ಮಾರನೇ ದಿನವೇ ‘ಸಮಾಜ ಸೇವಕ ಕರಿಬಸವರಾಜ’ ಎಂದು ಅಚ್ಚಾಯಿತು. ಆ ತುಂಡನ್ನು ಕತ್ತರಿಸಿ, ಲ್ಯಾಮಿನೇಷನ್ ಮಾಡಿಸಿ, ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಿದೆ. ನನ್ನ ಹೆಂಡತಿ ವಾಣಿ ಅದನ್ನು ನೋಡಿ, “ರೋಗಿ ಎಲ್ಲಿ ಅದಾನ್ರೀ ಇದರಾಗ?” ಎಂದು ಕೇಳಿದಳು. ನಿಜ ಹೇಳಬೇಕೆಂದರೆ ರೋಗಿಯ ಒಂದು ಮೊಣಕೈ ಮಾತ್ರ ಕಾಣುತ್ತಿತ್ತು.

ಹಂಚುವುದಕ್ಕೂ ಒಂದು ಕ್ರಮ ಇದೆ. ಹಣ್ಣು ಕೊಟ್ಟ ತಕ್ಷಣ ರೋಗಿ ಎಳೆದುಕೊಳ್ಳಬಾರದು. ಫೋಟೋ ತೆಗೆದು ಪೇಪರಿಗೆ ಕಳಿಸುವ ಮಾಲತೇಶ “ಆತ್ರಿ” ಅನ್ನುವವರೆಗೆ ಹಿಡಿದುಕೊಂಡೇ ಇರಬೇಕು. ನಮ್ಮ ನಿಜಲಿಂಗಪ್ಪ ಬಡಾವಣೆಯ ಗೆಳೆಯರ ಬಳಗದ ಆರು ಜನ ಹಿಂದಿನಿಂದ ಕೈ ಚಾಚಿ ಅದೇ ಒಂದು ಹಣ್ಣನ್ನು ಮುಟ್ಟುತ್ತಾರೆ. ಒಮ್ಮೆ ಒಬ್ಬ ಮುದುಕ, ನಾವು ಹಣ್ಣು ಕೊಡುತ್ತಿದ್ದೇವೋ ಕಿತ್ತುಕೊಳ್ಳುತ್ತಿದ್ದೇವೋ ತಿಳಿಯದೆ ಗಾಬರಿಯಾಗಿ ಕೈ ಬಿಟ್ಟುಬಿಟ್ಟ. ಹಣ್ಣು ಮಂಚದ ಕೆಳಗೆ ಉರುಳಿತು. ಅದನ್ನೇ ಎತ್ತಿ ಒರೆಸಿ ಮತ್ತೆ ಕೊಟ್ಟೆವು.

ಈ ಸಲ ನನಗೆ ಅರವತ್ತು. ಮಕ್ಕಳ ಜೊತೆ ಫೋಟೋ ಚೆನ್ನಾಗಿ ಬರುತ್ತದೆಂದು ಮಕ್ಕಳ ವಾರ್ಡಿಗೇ ಹೋದೆವು. ಕಿಟಕಿಯ ಪಕ್ಕದ ಮಂಚದಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಕುಳಿತಿದ್ದಳು. ಅವಳ ತಾಯಿ ನಮ್ಮ ದಂಡನ್ನು ನೋಡಿದ್ದೇ ತಡ, ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಗೆ ತಿರುಗಿದಳು. ವಾರ್ಡಿನ ನರ್ಸ್ ಲತಾ ನನ್ನನ್ನು ಪಕ್ಕಕ್ಕೆ ಕರೆದಳು.

“ಸಾರ್, ಹಣ್ಣು ಕೊಡ್ರಿ. ಆದ್ರ ಆ ಬೆಡ್ಡಿಂದು ಮಾತ್ರ ಫೋಟೋ ಬ್ಯಾಡ.”

“ಯಾಕಮ್ಮಾ?”

“ಬರ್ಮಾ ದೇಶದಿಂದ ಜೀವ ಉಳಿಸ್ಕೊಂಡು ಓಡಿಬಂದೋರು. ಹರಿಹರದಾಗ ಮಸ್ತಾನಸಾಬರ ಗುಜರಿ ಅಂಗಡ್ಯಾಗ ಆಯಮ್ಮ ಪ್ಲಾಸ್ಟಿಕ್ ಆರಿಸ್ತಾಳೆ. ವಿಶ್ವಸಂಸ್ಥೆಯೋರು ಕೊಟ್ಟ ಕಾರ್ಡು ಐತೆ, ಆದ್ರ ಪೊಲೀಸ್ರು ಅದನ್ನ ಒಪ್ಪಲ್ಲ. ಮಗೀಗೆ ಫಿಟ್ಸು. ಹಿಡ್ಕಂಡು ಹೋಗ್ತಾರೆ ಅಂತ ಹೆದ್ರಿ ಎರಡು ವರ್ಷ ಆಸ್ಪತ್ರೆ ಕಡೆ ಬಂದಿಲ್ಲ. ಈಗ ಡಾಕ್ಟ್ರು ಮಾತ್ರೆ ಶುರು ಮಾಡ್ಯಾರೆ. ಒಂದು ಹೊತ್ತೂ ತಪ್ಪಂಗಿಲ್ಲ. ನೀವು ದೊಡ್ಡೋರು ಅಂತ ಹೇಳ್ದೆ, ಯಾರಿಗೂ ಹೇಳ್ಬ್ಯಾಡ್ರಿ.”

ನಾನು ಗಂಭೀರವಾಗಿ ತಲೆಯಾಡಿಸಿದೆ. ಆ ತಲೆಯೊಳಗೆ ಆಗ ಓಡುತ್ತಿದ್ದದ್ದು ಬೇರೆ. ಹತ್ತು ವರ್ಷದಿಂದ ನನ್ನ ಫೋಟೋ ನಾಲ್ಕನೇ ಪುಟ ಬಿಟ್ಟು ಕದಲಿರಲಿಲ್ಲ. ಬರ್ಮಾ ಅಂದರೆ ಮೊದಲನೇ ಪುಟಕ್ಕೂ ಹೋಗಬಹುದು.

ಲತಾ ಇಂಜೆಕ್ಷನ್ ತರಲು ಹೊರಗೆ ಹೋದಳು. ನಾನು ಮಂಚದ ಹತ್ತಿರ ಹೋಗಿ ಹುಡುಗಿಯ ಹೆಸರು ಕೇಳಿದೆ. ‘ಶೋಫಿಕಾ’ ಎಂದಳು. ಹರಿಹರದ ಸರ್ಕಾರಿ ಶಾಲೆಗೆ ಹೋಗುತ್ತಿದ್ದವಳು, ಕನ್ನಡ ನಮ್ಮ ಮಕ್ಕಳ ಹಾಗೇ ಆಡುತ್ತಿದ್ದಳು. ಮಾಲತೇಶ ಕ್ಯಾಮೆರಾ ಎತ್ತಿದ ಕೂಡಲೇ ಎರಡೂ ಅಂಗೈ ಮುಖಕ್ಕೆ ಮುಚ್ಚಿಕೊಂಡು, “ಫೋಟೋ ಬ್ಯಾಡ್ರಿ ಅಂಕಲ್” ಎಂದಳು. ನಾನು ನಕ್ಕೆ. ಮಕ್ಕಳಿಗೆ ನಾಚಿಕೆ ಸಹಜ ಎಂದುಕೊಂಡೆ. ಅವಳ ಕೈಗಳನ್ನು ಮೆಲ್ಲಗೆ ಮುಖದಿಂದ ಬಿಡಿಸಿ, ಕೆಳಗಿಳಿಸಿ, ಅದರಲ್ಲಿ ಕಿತ್ತಳೆ ಇಟ್ಟೆ.

“ಹಿಂಗ ಹಿಡ್ಕ. ಅಲ್ಲಿ ನೋಡು. ಸ್ವಲ್ಪ ನಗು.”

ಅವಳು ನಗಲಿಲ್ಲ, ಆದರೆ ಹಿಡಿದುಕೊಂಡಳು. ಮಾಲತೇಶ “ಆತ್ರಿ” ಎಂದ. ಅವನು ಬರೆದುಕೊಳ್ಳಲೆಂದು ನಾನೇ ನಿಂತು ಹೇಳಿದೆ: ‘ಬರ್ಮಾ ನಿರಾಶ್ರಿತ ಬಾಲಕಿಗೂ ಹಣ್ಣು ನೀಡಿ ಮಾನವೀಯತೆ ಮೆರೆದ ಕರಿಬಸವರಾಜ.’ ‘ಬಾಲಕಿಗೂ’ ಎಂಬಲ್ಲಿ ಆ ‘ಊ’ ಬಿಡಬೇಡ ಎಂದು ಎರಡು ಸಲ ಹೇಳಿದೆ. ಯಾವ ಆಸ್ಪತ್ರೆ, ಯಾವ ವಾರ್ಡು ಎಂಬುದನ್ನೂ ಬರೆಸಿದೆ. ಓದಿದವರಿಗೆ ನಂಬಿಕೆ ಬರಬೇಕಲ್ಲ!

ಮೊದಲನೇ ಪುಟದಲ್ಲೇ ಬಂತು. ನಲವತ್ತು ಪ್ರತಿ ತರಿಸಿ, ಬೆಲ್ಲ ಕೊಳ್ಳಲು ಬಂದವರಿಗೆಲ್ಲ ಒಂದೊಂದು ಕೊಟ್ಟೆ.

ಮೂರನೇ ದಿನ ಮಧ್ಯಾಹ್ನ ಲತಾ ಡ್ಯೂಟಿ ಬಟ್ಟೆಯಲ್ಲೇ ನನ್ನ ಅಂಗಡಿಗೆ ಬಂದಳು. ಕೂರಲಿಲ್ಲ. ಮೂರು ಪಟ್ಟಿ ಮಾತ್ರೆಗಳನ್ನು ನನ್ನ ಮುಂದೆ ಇಟ್ಟಳು.

“ನಿನ್ನೆ ಬೆಳಿಗ್ಗೆ ಪೊಲೀಸ್ರು ಬಂದು ತಾಯಿ ಮಗೀನ್ನ ಕರ್ಕಂಡು ಹೋದ್ರು ಸಾರ್. ಕೈಯಾಗ ನಿಮ್ಮ ಪೇಪರ್ ಇತ್ತು. ಹರಿಹರದ ಹಳೇ ಹಾಸ್ಟೆಲ್‌ನಾಗ ಇಟ್ಟಾರಂತೆ. ಮಾತ್ರೆ ತಗೊಳ್ಳಾಕೂ ಬಿಡ್ಲಿಲ್ಲ.”

“ಅಯ್ಯೋ, ಹಿಂಗಾಗ್ತೈತೆ ಅಂತ ನನಗೆ ಗೊತ್ತಿರ್ಲಿಲ್ಲಮ್ಮಾ.”

“ಗೊತ್ತಿತ್ತು. ನಾನ ಹೇಳಿದ್ದೆ.”

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಬೆಳಿಗ್ಗೆ ಒಂದು, ಸಂಜೆ ಒಂದು, ಹದಿನೈದು ದಿನಕ್ಕೆ ಸಾಕು, ಇನ್ನು ತಡವಾದರೆ ಫಿಟ್ಸ್ ಜೋರಾಗಿ ಬರುತ್ತದೆ ಎಂದಷ್ಟೇ ಹೇಳಿ ಲತಾ ಹೊರಟುಹೋದಳು.

ಅರ್ಧ ಗಂಟೆಯಲ್ಲಿ ನಾನು ಹರಿಹರದಲ್ಲಿದ್ದೆ. ಊರಾಚೆಯ ಆ ಹಳೇ ಹಾಸ್ಟೆಲ್ಲಿನಲ್ಲಿ ಈಗ ಹುಡುಗರಿಲ್ಲ, ಕಾಗದಪತ್ರ ಇಲ್ಲದ ಪರದೇಶದವರನ್ನು ಕೂಡಿಹಾಕುತ್ತಾರೆ. ಗೇಟಿಗೆ ಬೀಗ, ಕಿಟಕಿಗೆ ಜಾಳಿಗೆ. ಮೇಲ್ವಿಚಾರಕ ಕಾಂತರಾಜ್ ಒಳ್ಳೆಯ ಮನುಷ್ಯ. “ಬರ್ರಿ, ಕೂಡ್ರಿ” ಎಂದು ನೀರು ಕೊಟ್ಟ. ಮಾತ್ರೆ ನೋಡಿದ ಮೇಲೆ ಮುಖ ಸಣ್ಣ ಮಾಡಿದ.

“ಹೊರಗಿನ ಔಷಧಿ ಒಳಗ ಬಿಡಂಗಿಲ್ರಿ. ನಾಳೆ ಏನಾದ್ರೂ ಆದ್ರ ನನ್ನ ನೌಕ್ರಿಗೆ ಬರ್ತೈತೆ. ಡಾಕ್ಟ್ರನ್ನ ಕಳಿಸ್ರಿ ಅಂತ ಮೇಲಿನ ಆಫೀಸಿಗೆ ಲೆಟರ್ ಬರದೀನಿ.”

“ಯಾವಾಗ ಕಳಿಸ್ತಾರೆ?”

“ಹೋದ ತಿಂಗಳಿನ ಲೆಟರಿಗೇ ಇನ್ನೂ ಉತ್ತರ ಬಂದಿಲ್ರಿ.”

ನಾನು ಯಾರು ಗೊತ್ತೇ ಎಂಬ ಧಾಟಿಯಲ್ಲಿ ಜೇಬಿನಿಂದ ಪೇಪರ್ ತುಂಡು ತೆಗೆದು ಮೇಜಿನ ಮೇಲೆ ಬಿಡಿಸಿದೆ. ಬಿಡಿಸಿದ ಮೇಲೆ ಅದು ಯಾವ ಫೋಟೋ ಎಂದು ನೆನಪಾಯಿತು. ಮಡಚಿಡುವಷ್ಟರಲ್ಲಿ ಕಾಂತರಾಜನ ಮುಖ ಅರಳಿತ್ತು.

“ಓಹೋ, ಹಣ್ಣು ಹಂಚೋ ಕರಿಬಸವರಾಜಪ್ಪರು ನೀವಾ! ಮೊದ್ಲ ಹೇಳ್ಬಾರ್ದಾ? ಹಣ್ಣು-ಬನ್ನು ಹಂಚಾಕ ಪರ್ಮಿಷನ್ ನಾನ ಕೊಡ್ತೀನಿ, ಮೇಲಿನೋರ್ನ ಕೇಳಂಗಿಲ್ಲ. ಒಂದು ಅರ್ಜಿ ಬರೀರಿ, ಹುಟ್ಟಿದಹಬ್ಬ ಅಂತ ಕಾರಣ ಹಾಕ್ರಿ. ಫೈಲಿಗೆ ಒಂದು ಫೋಟೋ ಬೇಕು. ಮಕ್ಕಳ ಮುಖ ಕಾಣ್ಬೇಕು.”

ಹೀಗೆ ನನಗೆ ಒಂದೇ ವಾರದಲ್ಲಿ ಎರಡನೇ ಸಲ ಅರವತ್ತು ತುಂಬಿತು. ಮನೆಯಲ್ಲಿ ವಾಣಿ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ಬನ್ನು ತೆಗೆದುಕೊಂಡು ಹೊಟ್ಟೆ ಸೀಳಿ, ಮೂರು ಪಟ್ಟಿ ಮಾತ್ರೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಗಿಟ್ಟು, ಕವರಿಗೆ ಕೆಂಪು ದಾರ ಕಟ್ಟಿದಳು. “ಇದಕ್ಕಾದ್ರೂ ಬಂತಲ್ಲ ನಿಮ್ಮ ಬನ್ನು” ಎಂದಳು.

ಮಾರನೇ ದಿನ ಮಾಲತೇಶನನ್ನು ಕರೆದುಕೊಂಡು ಒಳಗೆ ಹೋದೆ. ಗೆಳೆಯರ ಬಳಗವನ್ನು ಬಿಟ್ಟು ಬಂದಿದ್ದೆ. ಒಂದು ಉದ್ದನೆಯ ಕೋಣೆ, ಚಾಪೆಗಳ ಮೇಲೆ ಹನ್ನೊಂದು ಮಕ್ಕಳು, ಗೋಡೆಗೆ ಒರಗಿದ ತಾಯಂದಿರು. ಶೋಫಿಕಾಳ ಕೆಳತುಟಿ ಊದಿ, ಹಲ್ಲು ಕಚ್ಚಿದ ಗಾಯ ಹಸಿಯಾಗಿತ್ತು. ಹಿಂದಿನ ದಿನ ಎರಡು ಸಲ ಬಿದ್ದಿದ್ದಳೆಂದು ಕಾವಲಿನವಳು ಹೇಳಿದಳು. ತಾಯಿ ನನ್ನ ಗುರುತು ಹಿಡಿದಳು. ಅವಳು ನೋಡಿದ ರೀತಿಗೆ ನಾನು ತಲೆ ತಗ್ಗಿಸಿದೆ. ದಾರ ಕಟ್ಟಿದ ಬನ್ನನ್ನು ಅವಳ ಕೈಗಿಟ್ಟು, “ಆಪ್ ಹೀ ತೋಡಿಯೇ”, ನೀವೇ ಮುರಿಯಿರಿ ಎಂದು ನನ್ನ ಮಂಡಿಪೇಟೆಯ ಹಿಂದಿಯಲ್ಲಿ ಪಿಸುಗುಟ್ಟಿದೆ. ಅವಳು ಒಮ್ಮೆ ಒತ್ತಿ ನೋಡಿದಳು. ಅರ್ಥವಾಯಿತು. ಬನ್ನು ಸೆರಗಿನೊಳಗೆ ಹೋಯಿತು.

ಅಲ್ಲಿಗೆ ಬಂದ ಕೆಲಸ ಮುಗಿದಿತ್ತು. ಆದರೆ ಫೈಲಿಗೆ ಫೋಟೋ ಬೇಕಿತ್ತು. ಮಾಲತೇಶ ಕ್ಯಾಮೆರಾ ಎತ್ತಿದ. ಹತ್ತು ಮಕ್ಕಳು ಮುಖ ಮುಚ್ಚಿಕೊಂಡವು. ಶೋಫಿಕಾ ಮುಚ್ಚಿಕೊಳ್ಳಲಿಲ್ಲ. ಕಿತ್ತಳೆಯನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದು, ಕ್ಯಾಮೆರಾದ ಕಡೆ ತಿರುಗಿ, ಗಾಯದ ತುಟಿ ಅಗಲಿಸಿ ನಕ್ಕಳು. ಗಾಯದಿಂದ ಸ್ವಲ್ಪ ರಕ್ತ ಜಿನುಗಿತು.

“ಹಿಂಗಾ ಅಂಕಲ್?”

ಬ್ಯಾಡ ಪುಟ್ಟಿ, ಮುಖ ಮುಚ್ಚಿಕೋ ಎನ್ನಬೇಕೆನ್ನಿಸಿತು. ಬಾಗಿಲಲ್ಲಿ ಕಾಂತರಾಜ್ ನಿಂತಿದ್ದ. ಈ ಫೋಟೋ ಇಲ್ಲದಿದ್ದರೆ ಮುಂದಿನ ಸಲ ಒಳಗೆ ಬಿಡುವುದಿಲ್ಲ, ಮಾತ್ರೆ ಹದಿನೈದು ದಿನಕ್ಕೆ ಮುಗಿಯುತ್ತದೆ.

“ಹೂಂ, ಹಿಂಗ” ಎಂದೆ.

ಇದಾಗಿ ಮೂರು ತಿಂಗಳಾಯಿತು. ಮೇಲಿನಿಂದ ಉತ್ತರ ಬಂದಿಲ್ಲ. ವಕೀಲರನ್ನು ಹಿಡಿದಿದ್ದೇನೆ, ತಾರೀಕು ಮುಂದೆ ಹೋಗುತ್ತಲೇ ಇದೆ. ಹದಿನೈದು ದಿನಕ್ಕೊಮ್ಮೆ ಲತಾ ಮಾತ್ರೆ ತಂದು ಕೊಡುತ್ತಾಳೆ, ನಾನು ಹುಟ್ಟುಹಬ್ಬ ಹುಡುಕುತ್ತೇನೆ. ವಾಣಿಯದಾಯಿತು, ತೀರಿಹೋದ ನಮ್ಮಪ್ಪನದಾಯಿತು, ಅಂಗಡಿಯದಾಯಿತು. ಹೋದ ಸಲ ಏನೂ ಹೊಳೆಯದೆ ನನ್ನದೇ ಬರೆದೆ. ಕಾಂತರಾಜ್ ಅರ್ಜಿ ಓದಿ, “ಮತ್ತೆ ಅರವತ್ತಾ ಸಾರ್?” ಎಂದು ಕೇಳಿ, ನನ್ನ ಮುಖ ನೋಡದೆ ಸಹಿ ಹಾಕಿದ. ಫೋಟೋ ಈಗ ಫೈಲಿಗೆ ಮಾತ್ರ ಹೋಗುತ್ತದೆ. ಅಂಗಡಿಯಲ್ಲಿ ತೂಗುಹಾಕಿದ್ದನ್ನೆಲ್ಲ ಇಳಿಸಿದ್ದೇನೆ. ಗೋಡೆಯ ಮೇಲೆ ಚೌಕಾಕಾರದ ಗುರುತು ಉಳಿದಿದೆ.

ಆವತ್ತು ಚಾಪೆಯ ಮೇಲೆ ಹೊಸದೊಂದು ಮಗು ಇತ್ತು, ನಾಲ್ಕು ವರ್ಷದ್ದಿರಬೇಕು. ಮಾಲತೇಶ ಕ್ಯಾಮೆರಾ ಎತ್ತಿದ ಕೂಡಲೇ ಅದು ಎರಡೂ ಅಂಗೈ ಮುಖಕ್ಕೆ ಮುಚ್ಚಿಕೊಂಡು ಅಳತೊಡಗಿತು. ಶೋಫಿಕಾ ಎದ್ದು ಹೋಗಿ ಅದರ ಮುಂದೆ ಕುಳಿತಳು. ಆ ಕೈಗಳನ್ನು ಮೆಲ್ಲಗೆ ಮುಖದಿಂದ ಬಿಡಿಸಿ, ಕೆಳಗಿಳಿಸಿ, ಅದರಲ್ಲಿ ತನ್ನ ಕಿತ್ತಳೆ ಇಟ್ಟಳು.

“ಹಿಂಗ ಹಿಡ್ಕ” ಎಂದಳು. “ಅಲ್ಲಿ ನೋಡು. ಸ್ವಲ್ಪ ನಗು.”