ಮುದ್ದಪ್ಪನ ಒಂಬತ್ತು, ಇಪ್ಪತ್ತೆರಡು

೧
ಎಲ್ಲಿಂದ ಶುರು ಮಾಡಲಿ? ಮುದ್ದಪ್ಪನ ಹೆಣದಿಂದಲೇ ಅಂದುಕೊಂಡಿದ್ದೆ. ಬ್ಲಡ್ ಕ್ಯಾನ್ಸರ್ ಕಥೆ ತಾನೇ, ನೀವೂ ಕರ್ಚೀಫು ಹಿಡಿದೇ ಕೂತಿರುತ್ತೀರಿ. ಮೊದಲ ವಾಕ್ಯ ಬರೆಯುವಷ್ಟರಲ್ಲಿ ಹೆಣ ಎದ್ದು ಕೂತಿತು.

"ಏನಪ್ಪಾ, ಡಾಕ್ಟ್ರೇ ಬದುಕ್ತೀಯ ಅಂದವ್ರೆ, ನೀನ್ಯಾವನೋ ಸಾಯ್ಸಕ್ಕೆ?"

(ಡ್ರಾಫ್ಟ್ ಹರಿದೆ.)

೨
ಅಜ್ಜಂಪುರದಲ್ಲಿ ಯಾರ ಹೊಲದ ಬದು ಜರುಗಿದರೂ ಪಂಚಾಯ್ತಿಗೆ ಮುದ್ದಪ್ಪನೇ. ಅವನಿಗೆ ಡಾಕ್ಟರ್ ದೀಪಶ್ರೀ ವಿವರಿಸಿದರು: ರಕ್ತದ ಕಣದೊಳಗೆ ಕ್ರೋಮೋಸೋಮುಗಳಿವೆ, ಅವಕ್ಕೆ ನಂಬರುಗಳಿವೆ. ಒಂಬತ್ತರ ಚೂರು ಇಪ್ಪತ್ತೆರಡಕ್ಕೆ, ಇಪ್ಪತ್ತೆರಡರದು ಒಂಬತ್ತಕ್ಕೆ ಹೋಗಿ ಅಂಟಿಕೊಂಡಿದೆ; ಈ ಕ್ಯಾನ್ಸರಿಗೆ ಅದೇ ಮೂಲ.

"ಸರ್ವೆ ನಂಬರ್ ಅದಲುಬದಲು ಅನ್ನಿ. ನನ್ ಸೈನ್ ಇಲ್ದೆ ಹೆಂಗ್ ಮಾಡ್ಕಂಡ್ವು?"

ದಿನಾ ಒಂದು ಮಾತ್ರೆ. ನಿಲ್ಲಿಸಿದರೆ ಕಾಯಿಲೆ ಮತ್ತೆ ಬದು ಹಾರುತ್ತದೆ ಎಂದರು ಡಾಕ್ಟರ್. (ಅವರ ದನಿಯನ್ನು ಥೇಟ್ ಮಿಮಿಕ್ರಿ ಮಾಡಿದ್ದೇನೆ. ಕಾಗದದಲ್ಲಿ ಕೇಳಿಸದಿದ್ದರೆ ನನ್ನ ತಪ್ಪಲ್ಲ.)

ಮಾತ್ರೆ ಕೆಲಸ ಮಾಡಿತು. ಹದ್ದುಬಸ್ತಾಯಿತು, ಕಲ್ಲು ನೆಟ್ಟಾಯಿತು, ಇನ್ನು ಸರ್ವೇಯರನ್ನು ದಿನಾ ಕರೆಸುವವರುಂಟೇ ಎಂದುಕೊಂಡ ಮುದ್ದಪ್ಪ. ಮಿಕ್ಕ ಮಾತ್ರೆಗಳನ್ನೆಲ್ಲ ತರೀಕೆರೆಯ ಸಿರಾಜುದ್ದೀನನ ಜೇಬಿಗೆ ತುರುಕಿದ. ಆಸ್ಪತ್ರೆಯ ಬೆಂಚಿನ ಮೇಲೆ ಆದ ಗೆಳೆಯ. ಅವನಿಗೂ ಬ್ಲಡ್ ಕ್ಯಾನ್ಸರ್. ಕ್ರೋಮೋಸೋಮ್ ರಿಪೋರ್ಟಿಗೆ ಕಾಯುತ್ತಿದ್ದ.

"ಮುದ್ದಪ್ಪಾ, ಬೇಡ!" ಅಂದೆ.

"ನೀನ್ ಬರ್ಕಂಡ್ ಕೂತ್ಕಾ. ಒಂದೇ ಕಾಯ್ಲೆ, ಒಂದೇ ಬೆಂಚು."

೪
(ಮೂರು ಎಲ್ಲಿ? ಅದರಲ್ಲಿ ಇಬ್ಬರೂ ಸತ್ತಿದ್ದರು. ಮುದ್ದಪ್ಪನ ಹೆಂಡತಿ ದುರ್ಗಮ್ಮ ಆ ಹಾಳೆಯನ್ನು ಒಲೆಗೆ ಹಾಕಿದರು.)

ಕಡೂರು ಬಸ್ ಸ್ಟ್ಯಾಂಡಿನಲ್ಲಿ ನಮ್ಮಿಬ್ಬರಿಗೂ ಸಿರಾಜುದ್ದೀನ್ ಸಿಕ್ಕ. ಹೆಗಲಲ್ಲಿ ಬಟ್ಟೆಯ ಬ್ಯಾಗು. ಮಾತ್ರೆಗಳನ್ನು ಇದ್ದ ಹಾಗೇ ವಾಪಸ್ ಕೊಟ್ಟ.

"ರಿಪೋರ್ಟ್ ಬಂತು ಮುದ್ದಣ್ಣ. ನಂದು ಎಂಟು, ಇಪ್ಪತ್ತೊಂದು. ಬೇರೆ ಸರ್ವೆ ನಂಬರ್ ಕಣಣ್ಣ, ನಿನ್ ಮಾತ್ರೆ ನಡಿಯಲ್ಲ. ಔಷಧಿಗೆ ಬಗ್ಗೋ ಪೈಕಿದಂತೆ. ಆದ್ರೆ ಇವತ್ತೇ ಅಡ್ಮಿಟ್ ಆಗ್ಬೇಕು."

"ಬಗ್ಗಲಿಲ್ಲ ಅಂದ್ರೆ?"

"ಅದ್ನ ಇವನ್ನ ಕೇಳು," ಎಂದು ನನ್ನತ್ತ ಬೆರಳು ತೋರಿಸಿದ. ನಾನು ಬಸ್ಸಿನ ಬೋರ್ಡು ಓದತೊಡಗಿದೆ. ಅವನು ಮುದ್ದಪ್ಪನತ್ತ ತಿರುಗಿದ.

"ಮಾತ್ರೆ ಬಿಟ್ಬಿಟ್ಟಿದೀಯಂತೆ? ನಾ ಬಂದಾಗ ಬೆಂಚಲ್ಲಿ ನೀನಿಲ್ದಿದ್ರೆ ಯಾರತ್ರ ಜಗಳ ಆಡ್ಲಿ?"

ಸಿರಾಜುದ್ದೀನನನ್ನು ಹತ್ತಿಸಿಕೊಂಡು ಬಸ್ಸು ಹೊರಟಿತು.

೫
ಮುಕ್ತಾಯ ಅ: ಸಿರಾಜುದ್ದೀನ್ ಗುಣವಾಗಿ ಬರುತ್ತಾನೆ.
ಮುಕ್ತಾಯ ಆ: ಬರುವು
(ಮುದ್ದಪ್ಪ ಪೆನ್ನು ಕಿತ್ತುಕೊಂಡ.)

ಆಮೇಲೆ ಬಾಟಲಿಯ ನೀರು ಬಾಯಿಗೆ ಹಾಕಿಕೊಂಡು ಮಾತ್ರೆ ನುಂಗಿದ.

"ಸರಿ, ನುಂಗಿದೆಯಲ್ಲ. ಫುಲ್‌ಸ್ಟಾಪ್ ಇಡ್ಲಾ?" ಅಂದೆ.

"ಲೇ, ನಾಳೇದು ನಿಮ್ಮಪ್ಪ ನುಂಗ್ತಾನಾ? ಸಿರಾಜುದ್ದೀನ ಬರೋಗಂಟ ನೀನೂ ಕಲ್ಲು ನೆಡ್ಬೇಡ."

ಪೆನ್ನು ವಾಪಸ್ ಕೊಟ್ಟ. ಹಾಗಾಗಿ ಓದುಗರೇ, ನಾಳೆ ಬೆಳಿಗ್ಗೆ ಮುದ್ದಪ್ಪ ಲೋಟದಲ್ಲಿ ನೀರು ಹಿಡಿದು, ತರೀಕೆರೆ ಕಡೆಯ ರಸ್ತೆಯನ್ನೊಮ್ಮೆ ನೋಡಿ,