ಹತ್ತರೊಳಗೆ ಬಂದರೆ ಸಾಕು

ನಾನು ಮಾಡಿದ್ದು ಮೋಸವೇ. ಸುತ್ತಿ ಬಳಸಿ ಹೇಳುವ ಚಾಳಿ ನನಗಿಲ್ಲ.

ನಾನೂ ನನ್ನ ತಂಗಿಯೂ ಒಂದೇ ಅಂಗಡಿಯಲ್ಲಿ ಹೊಲಿಯುತ್ತಿದ್ದೆವು. ಅಂಗಿಯ ಹೊಲಿಗೆ ನನ್ನದು, ಕಾಜಾ ಅವಳದು. ನಾನು ಮುಗಿಸಿ ಎಡಕ್ಕೆ ಚಾಚಿದರೆ ಅವಳು ತೆಗೆದುಕೊಂಡು ಗುಂಡಿಯ ತೂತುಗಳನ್ನು ಕತ್ತರಿಸಿ ದಾರ ಸುತ್ತುತ್ತಿದ್ದಳು. ಹನ್ನೆರಡು ವರ್ಷ ಹೀಗೇ ನಡೆದಿತ್ತು. ಬಿಡುವಿದ್ದಾಗ ಅವಳೂ ಇಡೀ ಅಂಗಿ ಹೊಲಿಯುತ್ತಿದ್ದಳು. ಈಚೆಗೆ ಗಿರಾಕಿಗಳು, "ಚಿಕ್ಕವರ ಕೈಲೇ ಹೊಲಿಸಿ" ಎನ್ನತೊಡಗಿದ್ದರು. ಸೂಜಿ ಹಿಡಿಯಲು ಕಲಿಸಿದವಳು ನಾನು! ಹೊಟ್ಟೆ ಉರಿಯದೆ ಇರುತ್ತದೆಯೇ?

ಆ ತಿಂಗಳ ಕೊನೆಗೆ ಅಂಗಡಿ ಮುಚ್ಚುವುದಿತ್ತು. ನಮ್ಮದೇ ಒಂದು ಮಷಿನ್ ಇದ್ದರೆ ಮನೆಯ ಮುಂದಿನ ಕೋಣೆಯಲ್ಲೇ ಇಬ್ಬರೂ ಬದುಕಬಹುದಿತ್ತು. ಇಲ್ಲದಿದ್ದರೆ ತಂಗಿ ದೂರದ ಊರಿನ ಕಾರ್ಖಾನೆ ಸೇರಿ, ಅಲ್ಲಿನ ಹಾಸ್ಟೆಲಿನಲ್ಲಿ ಇರಬೇಕಾಗಿತ್ತು.

ಅಷ್ಟರಲ್ಲಿ ಒಂದೇ ಭಾನುವಾರ ಎರಡು ಹೊಲಿಗೆ ಸ್ಪರ್ಧೆ ಬಂದವು. ಮಷಿನ್ ಕಂಪನಿಯವರದು ಒಂದೇ ಬಹುಮಾನ, ಹೊಸ ಮಷಿನ್. ಎರಡನೆಯವರಿಗೆ ಚಪ್ಪಾಳೆ. ಬಟ್ಟೆ ವ್ಯಾಪಾರಿಗಳ ಸಂಘದ್ದು ಹತ್ತು ಬಹುಮಾನ. ಒಂದನೆಯವರಿಗೂ ಹತ್ತನೆಯವರಿಗೂ ಅದೇ ಇಸ್ತ್ರಿಪೆಟ್ಟಿಗೆ.

"ಇಬ್ರೂ ಮಷಿನ್ ಸ್ಪರ್ಧೆಗೇ ಹೋಗೋಣ ಅಕ್ಕಾ. ಯಾರಿಗೆ ಬಂದ್ರೂ ಮನೆಗೇ ತಾನೇ?" ಎಂದಳು ತಂಗಿ.

ನ್ಯಾಯವಾದ ಮಾತು. ಆದರೆ ಅವಳು ಬಂದರೆ ಗೆಲ್ಲುವವಳು ಅವಳೇ ಎಂದು ನನಗೆ ಗೊತ್ತಿತ್ತು.

"ಅಲ್ಲಿಗೆ ಘಟಾನುಘಟಿಗಳು ಬರ್ತಾರೆ. ನಿನಗ್ಯಾಕೆ ಇಲ್ಲದ ಉಸಾಬರಿ? ನೀನು ಸಂಘದ್ದಕ್ಕೆ ಹೋಗು. ಹತ್ತರೊಳಗೆ ಬಂದ್ರೆ ಸಾಕು."

ಅವಳು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. "ಆಯ್ತು ಬಿಡು," ಎಂದಳು.

ಘಟಾನುಘಟಿಗಳು ಎಲ್ಲಿ ಬಂದರು! ಒಂದೇ ಬಹುಮಾನವೆಂದು ಹೆದರಿ ಊರಿಗೆ ಊರೇ ಇಸ್ತ್ರಿಪೆಟ್ಟಿಗೆಯತ್ತ ಓಡಿತ್ತು. ಮಷಿನ್ ಸ್ಪರ್ಧೆಗೆ ಕೂತವರು ಆರೇ ಜನ, ಅದರಲ್ಲೊಬ್ಬ ಚೀಲ ಹೊಲಿಯುವವನು. ನನಗೆ ನಗು ಬಂತು. ಎರಡು ಗಂಟೆಯಲ್ಲಿ ಒಂದು ಅಂಗಿ ಪೂರ್ತಿ ಆಗಬೇಕಿತ್ತು. ಇವರ ಮುಂದೆ ಅವಸರವೇಕೆಂದು ಕಾಲರನ್ನು ಬಿಚ್ಚಿ ಬಿಚ್ಚಿ ಅಂದವಾಗಿ ಹೊಲಿದೆ. ಮುಗಿಸಿ, ಅಂಗಿಯನ್ನು ಎಡಕ್ಕೆ ಚಾಚಿಟ್ಟು, ಮೈಮೇಲಿನ ದಾರದ ಚೂರು ಕೊಡವಿಕೊಂಡು ಹಾಯಾಗಿ ಕೂತೆ.

ತೀರ್ಪುಗಾರರು ಬಂದು ನಿಂತರು. "ಏನಮ್ಮಾ, ಕಾಜಾ ಯಾರು ಮಾಡ್ತಾರೆ?"

ಗಡಬಡಿಸಿ ಅಂಗಿಯನ್ನು ಎಳೆದುಕೊಂಡು ಕಾಜಾ ಕತ್ತರಿಸತೊಡಗಿದೆ. ಏಳರಲ್ಲಿ ನಾಲ್ಕು ಮುಗಿಯುವಷ್ಟರಲ್ಲಿ ಗಂಟೆ ಬಾರಿಸಿಬಿಟ್ಟರು. ಮಷಿನ್ ಚೀಲ ಹೊಲಿಯುವವನ ಪಾಲಾಯಿತು.

ಮನೆಗೆ ಬಂದಾಗ ತಂಗಿ ಆಗಲೇ ಬಂದಿದ್ದಳು. "ಏಳನೇದು ಬಂದೆ. ಎಲ್ರಿಗೂ ಒಂದೇ ಅಂದ್ಮೇಲೆ ಯಾಕೆ ಒದ್ದಾಡೋದು ಅಂತ ನಿಧಾನವಾಗೇ ಹೊಲಿದೆ," ಎಂದು ನಕ್ಕಳು. "ಮಷಿನ್ ಯಾವಾಗ ಕಳಿಸ್ತಾರಂತೆ?"

ನಡೆದದ್ದನ್ನು ಹೇಳಿದೆ. ಅವಳು ಎದ್ದು ತನ್ನ ಬಟ್ಟೆಗಳನ್ನು ಒಂದೊಂದಾಗಿ ಟ್ರಂಕಿಗೆ ತುಂಬತೊಡಗಿದಳು. ನನಗೆ ತಡೆಯಲಾಗಲಿಲ್ಲ. ಅವಳ ಕೈ ಹಿಡಿದುಕೊಂಡೆ.

"ನೀನು ಗೆದ್ದುಬಿಡ್ತೀಯ ಅಂತ ಹೊಟ್ಟೆಕಿಚ್ಚಾಯ್ತು ಕಣೇ. ಬೇಕಂತಲೇ ನಿನ್ನನ್ನ ಆ ಕಡೆ ಕಳಿಸಿದೆ."

"ಗೊತ್ತು," ಎಂದಳು. "ನೀನು ಹೇಳಿದಾಗಲೇ ಗೊತ್ತಾಯ್ತು. ಹೋಗಲಿ, ಅಕ್ಕ ಒಂದ್ಸಲ ಗೆಲ್ಲಲಿ ಅಂತ ಸುಮ್ನೆ ಹೋದೆ." ಕೈ ಬಿಡಿಸಿಕೊಂಡು ಇನ್ನೊಂದು ಸೀರೆ ಮಡಚಿದಳು. "ಗೆಲ್ಲೋದಾದ್ರೂ ಗೆಲ್ಲಬಾರದಿತ್ತಾ, ಅಕ್ಕಾ?"