ದೀಪದ ಹುಡುಗಿ

"ಬಾತುಕೋಳಿ ಹಿಂಗಾ ಈಜೋದು? ಸೊಂಟ ಮುರಿದ ಮುದುಕಿ ಹೋದಂಗೆ ಹೋಗ್ತಿದೆ ನೋಡು!" ನೀರಿನ ಮೇಲೆ ಆಡುತ್ತಿದ್ದ ಮರದ ಬೊಂಬೆ ನೋಡುತ್ತ ಅಪ್ಪ ಜೋರಾಗಿಯೇ ಹೇಳಿದ. ಮುಂದಿನ ಸಾಲಿನಲ್ಲಿದ್ದ ಕೊರಿಯಾದ ಹೆಂಗಸೊಬ್ಬಳು ತಿರುಗಿ ನೋಡಿ ನಕ್ಕಳು. ಅವಳಿಗೆ ಭಾಷೆ ಬರದಿದ್ದದ್ದೇ ಪುಣ್ಯ.

"ಮೆಲ್ಲಗೆ ಮಾತಾಡಪ್ಪ," ಎಂದು ಮಿಯೆನ್ ಅವನ ಮೊಣಕೈ ಅದುಮಿದಳು.

"ಯಾಕೆ ಮೆಲ್ಲಗೆ? ಜೀವಮಾನವಿಡೀ ಸೊಂಟದವರೆಗೆ ನೀರಲ್ಲಿ ನಿಂತು ಬೊಂಬೆ ಆಡಿಸಿದೋನು ನಾನು. ಆ ಬಿದಿರಿನ ತೆರೆ ಹಿಂದೆ ಈ ಹುಡುಗರು ಬೊಂಬೆಯ ಗಳಾನ ಕಸ ಗುಡಿಸೋ ಪೊರಕೆ ಹಿಡಿದಂಗೆ ಹಿಡಿದಿರ್ಬೇಕು."

ಬೈಗುಳವೇನೋ ಬಾಯಲ್ಲಿತ್ತು, ಆದರೆ ಅಪ್ಪ ಖುಷಿಯಾಗಿದ್ದ. ಕಣ್ಣಿನ ಪೊರೆ ತೆಗೆಸಲೆಂದು ಎರಡು ರಾತ್ರಿಯ ರೈಲು ಹಿಡಿದು ಉತ್ತರದ ತಮ್ಮ ಹಳ್ಳಿಯಿಂದ ಸೈಗಾನ್‌ಗೆ ಬಂದಿದ್ದರು. ಆಪರೇಷನ್ ಚೆನ್ನಾಗಿ ಆಗಿತ್ತು. ಎಷ್ಟೋ ವರ್ಷದ ಮೇಲೆ ಬೊಂಬೆಗಳ ಕೆನ್ನೆಯ ಕೆಂಪು, ಅರಗಿನ ಹೊಳಪು ಅವನಿಗೆ ಕಾಣುತ್ತಿತ್ತು. ಟಿಕೆಟ್ಟು ಮಿಯೆನ್‌ಳ ತಮ್ಮ ಖೋಯ್ ಕೊಟ್ಟದ್ದು. ಪ್ರವಾಸಿಗಳ ಕಂಪನಿಯಲ್ಲಿ ಏನೋ ಕೆಲಸ ಅಂತ ಅವನು ಈ ಊರಿಗೆ ಬಂದು ಬಹಳ ಕಾಲವಾಗಿತ್ತು. ಮೊದಲು ಬೊಂಬೆಯಾಟ, ಆಮೇಲೆ ನದಿಯಲ್ಲಿ ದೋಣಿಯ ಮೇಲೆ ಊಟ. "ನೀವು ಆಟ ನೋಡ್ಕೊಂಡು ಬನ್ನಿ, ನಾನು ದೋಣಿ ಹತ್ರ ಸಿಗ್ತೀನಿ" ಅಂದಿದ್ದ.

ಮಿಯೆನ್ ಅಪ್ಪನಿಗಿಂತಲೂ ಖುಷಿಯಾಗಿದ್ದಳು. ಅದಕ್ಕೆ ಕಾರಣ ಬೇರೆ. ಬರುವಾಗ ರೈಲಿನಲ್ಲಿ, ಅನ್ನದ ಡಬ್ಬಿ ತೆಗೆಯುತ್ತಿದ್ದಾಗ, ಅಪ್ಪ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಒಂದು ಮಾತು ಹೇಳಿದ್ದ: "ಊರಿಗೆ ಹೋದ್ಮೇಲೆ, ನಮ್ಮ ಮೇಳದ ಮೂಲಪುರುಷನ ಪೂಜೆ ದಿನ, ನಿಂಗೆ ದೀಪದ್ದು ಹೇಳ್ತೀನಿ." ಅವಳ ಕೈಯಲ್ಲಿದ್ದ ಚಮಚ ಹಾಗೇ ನಿಂತುಬಿಟ್ಟಿತ್ತು. ಹೌದಾ ಅಂತ ಕೇಳುವುದಕ್ಕೂ ಹೆದರಿಕೆ, ಎಲ್ಲಿ ಮಾತು ಹಿಂದಕ್ಕೆ ತಗೊಂಡುಬಿಡ್ತಾನೋ ಅಂತ.

ದೀಪದ್ದು ಅಂದರೆ ದೀಪದ ಹುಡುಗಿಯದು. ಅವರ ಊರಿನ ಮೇಳದಲ್ಲಿ ಮಾತ್ರ ಇದ್ದ ಬೊಂಬೆ ಅದು. ಕೊಳದ ನೀರು ಸುಮ್ಮನಿರುತ್ತದೆ. ನಡುವೆ ಒಂದು ತಾವರೆ ಮೊಗ್ಗು ಮೇಲೆ ಬರುತ್ತದೆ. ದಳ ಬಿಚ್ಚಿದರೆ ಒಳಗೊಬ್ಬ ಪುಟ್ಟ ಹುಡುಗಿ, ಅವಳ ಕೈಯಲ್ಲಿ ಉರಿಯುವ ದೀಪ! ನೀರೊಳಗಿಂದ ಬೆಂಕಿ ಹೇಗೆ ಬರುತ್ತದೆ ಎಂಬುದು ಮೇಳದ ಯಜಮಾನನ ಮನೆಯ ಗುಟ್ಟು. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ. ಹೆಣ್ಣುಮಕ್ಕಳಿಗಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು; ಅವಳ ಜೊತೆ ಗುಟ್ಟೂ ಹೊಸಿಲು ದಾಟಿಬಿಟ್ಟರೆ?

ಬೊಂಬೆಗೆ ಅರಗು ಬಳಿದವಳು ಮಿಯೆನ್. ರವಿಕೆ ಹೊಲಿದವಳು ಮಿಯೆನ್. ಚಳಿಗಾಲದ ಆಟದ ದಿನ ಅಪ್ಪ ಮೈ ಬೆಚ್ಚಗಿರಲೆಂದು ಮೀನಿನ ರಸ ಕುಡಿದು ಕೊಳಕ್ಕಿಳಿಯುವಾಗ ಬಟ್ಟಲು ಹಿಡಿದು ನಿಂತವಳು, ಮೇಲೆ ಬಂದಾಗ ನೀಲಿಗಟ್ಟಿದ ಕಾಲಿಗೆ ಶುಂಠಿ ಅರೆದು ತಿಕ್ಕಿದವಳೂ ಅವಳೇ. ಆದರೆ ದೀಪ ಸಿದ್ಧ ಮಾಡುವ ಹೊತ್ತಿಗೆ "ಮಿಯೆನ್, ಹೊರಗೆ ಹೋಗು" ಅಂತ ಬಾಗಿಲು ಹಾಕಿಕೊಳ್ಳುತ್ತಿದ್ದರು. ತನಗಿಂತ ಆರು ವರ್ಷ ಚಿಕ್ಕವನು, ಮೂಗು ಒರೆಸಿಕೊಳ್ಳಲು ಬಾರದ ಖೋಯ್, ಒಳಗಿರುತ್ತಿದ್ದ. ಮದುವೆಯಾಯಿತು, ಗಂಡ ಸತ್ತ, ಮಕ್ಕಳಿಲ್ಲದ ಮಿಯೆನ್ ಅಪ್ಪನ ಮನೆಗೇ ಹಿಂದಿರುಗಿದಳು. ಅಷ್ಟು ಹೊತ್ತಿಗೆ ಮೇಳದವರು ಒಬ್ಬೊಬ್ಬರಾಗಿ ಮಣ್ಣು ಸೇರಿದ್ದರು. ಅಪ್ಪನ ಗಂಜಿ, ಅಪ್ಪನ ಮಾತ್ರೆ, ಅಪ್ಪನ ಬೈಗುಳ ಎಲ್ಲ ಅವಳ ಪಾಲಿಗೆ ಬಂತು. ದೀಪ ಮಾತ್ರ ಬರಲಿಲ್ಲ. ಈಗ, ಕೂದಲು ನರೆತ ಮೇಲೆ, ಹೇಳುತ್ತೇನೆ ಅಂದಿದ್ದಾನೆ.

ರಂಗದ ತೊಟ್ಟಿಯ ನೀರಿನ ಮೇಲೆ ಡೊಳ್ಳುಹೊಟ್ಟೆಯ ವಿದೂಷಕ ಬಂದು ಹೋದ. ರೈತರು ಕಪ್ಪೆ ಹಿಡಿದರು. ಘಟಸರ್ಪಗಳು ನೀರು ಉಗುಳಿದವು. ಎಲ್ಲದಕ್ಕೂ ಅಪ್ಪನ ಟೀಕೆ ಇದ್ದೇ ಇತ್ತು. ಆಮೇಲೆ ದೀಪಗಳೆಲ್ಲ ಆರಿ ಕತ್ತಲಾಯಿತು. ಒಂಟಿ ಕೊಳಲು. ನೀರಿನ ನಡುವೆ ತಾವರೆ ಮೊಗ್ಗೊಂದು ಎದ್ದಿತು.

ಮಿಯೆನ್‌ಗೆ ಮೊದಲು ಅರ್ಥವಾಗಲಿಲ್ಲ. ಪಕ್ಕದಲ್ಲಿ ಇನ್ನೊಂದು ಮೊಗ್ಗು. ಮತ್ತೊಂದು. ನೋಡನೋಡುತ್ತಿದ್ದಂತೆ ತೊಟ್ಟಿಯ ತುಂಬ ಮೊಗ್ಗು. ಎಲ್ಲ ಒಟ್ಟಿಗೇ ಬಿಚ್ಚಿಕೊಂಡವು. ಒಂದೊಂದರಲ್ಲೂ ಒಬ್ಬೊಬ್ಬ ಹುಡುಗಿ, ಒಬ್ಬೊಬ್ಬಳ ಕೈಯಲ್ಲೂ ದೀಪ. ಬಲ್ಬಲ್ಲ, ಬೆಂಕಿ. ಗಾಳಿಗೆ ಓಲಾಡುವ ನಿಜವಾದ ಬೆಂಕಿ. ಜನ ಓಹೋ ಎಂದು ಕೂಗಿದರು, ನೂರಾರು ಫೋನು ಮೇಲೆದ್ದವು.

ಅಪ್ಪ ಮಾತು ನಿಲ್ಲಿಸಿದ್ದ. ಅವನ ಬಾಯಿ ಅರ್ಧ ತೆರೆದಿತ್ತು. ಹೊಸದಾಗಿ ಬಂದ ಕಣ್ಣಿನಿಂದ ಒಂದೊಂದೇ ದೀಪವನ್ನು ನೋಡುತ್ತಿದ್ದ. ಅಯ್ಯೋ, ಈ ಕಣ್ಣು ಮಾಡಿಸದೇ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಮಿಯೆನ್‌ಗೆ. ಆ ಗುಟ್ಟು ಬಲ್ಲವರು ಈಗ ಭೂಮಿಯ ಮೇಲೆ ಇಬ್ಬರೇ. ಒಬ್ಬ ಅವಳ ಪಕ್ಕದಲ್ಲಿ ಕೂತಿದ್ದ.

ಇನ್ನೊಬ್ಬ, ಆಟ ಮುಗಿದು ಬಿದಿರಿನ ತೆರೆ ಮೇಲೆದ್ದಾಗ, ಸೊಂಟದವರೆಗಿನ ನೀರಿನಲ್ಲಿ ನಡೆದು ಮುಂದೆ ಬಂದ. ಅವನ ಎರಡೂ ಕಡೆ ರಬ್ಬರಿನ ಷರಾಯಿ ತೊಟ್ಟ ಹುಡುಗರು, ಹುಡುಗಿಯರು. ನಡುವೆ ಖೋಯ್, ಕೈ ಜೋಡಿಸಿ, ಅಪ್ಪ ಕೂತಿದ್ದ ಕಡೆಗೇ ಬಾಗಿ ನಮಸ್ಕರಿಸಿದ. ಮುಖದ ಮೇಲೆ ನಗುವಿತ್ತು. ಅಪ್ಪ ಮೆಚ್ಚುತ್ತಾನೆ ಅಂದುಕೊಂಡಿದ್ದ, ಪೆದ್ದ.

"ನೀನಿಲ್ಲೇ ಕೂತಿರಪ್ಪ. ನಾನವನನ್ನ ನೋಡ್ಕೊಂಡು ಬರ್ತೀನಿ," ಎಂದು ಮಿಯೆನ್ ಎದ್ದಳು.

ಪರದೇಶದವರ ಗುಂಪೊಂದು ತೆರೆಯ ಹಿಂದಕ್ಕೆ ಹೋಗುತ್ತಿತ್ತು. ಅವಳೂ ಅದರ ಜೊತೆ ನುಗ್ಗಿದಳು. ಖೋಯ್ ಬಟ್ಟೆ ಬದಲಿಸಲು ಹೋಗಿದ್ದ. ಕಟ್ಟೆಯ ಮೇಲೆ ಇಪ್ಪತ್ತರ ಹುಡುಗಿಯೊಬ್ಬಳು ಗಳ ಹಿಡಿದು ನಿಂತು ಬಂದವರಿಗೆಲ್ಲ ನಗುನಗುತ್ತ ತೋರಿಸುತ್ತಿದ್ದಳು. ಅವಳ ಕೈಯಲ್ಲಿ ದೀಪದ ಹುಡುಗಿ. ಮಿಯೆನ್ ಅಭ್ಯಾಸಬಲದಿಂದ ತಟ್ಟನೆ ಮುಖ ತಿರುಗಿಸಿದಳು. ಯಾರೂ ಹೊರಗೆ ಹೋಗು ಅನ್ನಲಿಲ್ಲ.

"ಬನ್ನಿ ದೊಡ್ಡಮ್ಮ, ಮುಂದೆ ಬನ್ನಿ, ನಿಮಗೂ ತೋರಿಸ್ತೀನಿ," ಎಂದಳು ಹುಡುಗಿ. "ಎಲ್ಲಾರೂ ನೀರೊಳಗೆ ದೀಪ ಉರೀತಿರುತ್ತೆ ಅಂದ್ಕೋತಾರೆ. ಉರಿಯೋದೇ ಇಲ್ಲ! ಮೊಗ್ಗಿನ ಒಳಗಡೆ ಊದಿನಕಡ್ಡಿ ತುಂಡು ಇಟ್ಟಿರ್ತೀವಿ, ಬರೀ ಕೆಂಡ. ದೀಪ ಆದ್ರೆ ಆರಿಹೋಗುತ್ತೆ, ಕೆಂಡ ಆದ್ರೆ ತಡ್ಕೊಳುತ್ತೆ. ಬತ್ತಿ ತುದೀಲಿ ಬೆಂಕಿಕಡ್ಡಿ ಮದ್ದು. ಮೇಲೆ ಬಂದ್ಮೇಲೆ ಈ ದಾರ ಎಳೆದ್ರೆ ದಳ ಬಿಚ್ಚುತ್ತೆ, ಕೆಂಡ ಹೋಗಿ ಬತ್ತಿಗೆ ತಾಗುತ್ತೆ. ಭಗ್ ಅಂತ!"

ಭಗ್ ಎಂದು ಹೊತ್ತಿಕೊಂಡಿತು. ಸುತ್ತ ಇದ್ದವರು ಚಪ್ಪಾಳೆ ತಟ್ಟಿದರು. ಕೆಂಪು ಚಡ್ಡಿ ತೊಟ್ಟ ಬಿಳಿಯನೊಬ್ಬ ತಾನೂ ದಾರ ಎಳೆದು ನೋಡಿದ. ಒಂದು ಕೆಂಡ. ಇಷ್ಟಕ್ಕಾಗಿ ಅಮ್ಮ ಸಾಯುವವರೆಗೆ ಆ ಬಾಗಿಲಿನ ಹೊರಗೆ ಕೂತಿದ್ದಳು, ಇಷ್ಟಕ್ಕಾಗಿ ತಾನು ಐವತ್ತು ವರ್ಷ ಕಾದಿದ್ದು.

ವಾಪಸು ಬಂದಾಗ ಅಪ್ಪ ಒಬ್ಬನೇ ಕುರ್ಚಿಗಳ ನಡುವೆ ಕೂತಿದ್ದ.

"ಒಳಗೆ ಹೋಗಿದ್ದೆಯಾ?" ಎಂದ.

"ಇಲ್ಲಪ್ಪ. ಜನ ಜಾಸ್ತಿ. ಬಿಡಲಿಲ್ಲ." ಸುಳ್ಳು ತಾನಾಗಿಯೇ ಬಾಯಿಗೆ ಬಂತು. ಗೊತ್ತಾಗಿಹೋಯಿತು ಅಂದರೆ ಅಪ್ಪ ಹೇಳುವುದಿಲ್ಲವಲ್ಲ. ಅವಳಿಗೆ ಈಗಲೂ ಅಪ್ಪನ ಬಾಯಿಂದ ಕೇಳಬೇಕಿತ್ತು.

ದೋಣಿಯೆಂದರೆ ಮೂರಂತಸ್ತಿನ ಮನೆ. ಮೇಲೆಲ್ಲ ಬಣ್ಣದ ದೀಪ, ಒಂದು ಮೂಲೆಯಲ್ಲಿ ಹಾಡುವ ಹುಡುಗಿ, ಮೇಜಿನ ತುಂಬ ಸೀಗಡಿ, ತಾವರೆದಂಟಿನ ಕೋಸಂಬರಿ, ಮಡಕೆಯಲ್ಲಿ ಬೇಯಿಸಿದ ಮೀನು. ಖೋಯ್ ಒದ್ದೆ ಕೂದಲು ಬಾಚಿಕೊಂಡು ಬಂದು ಎದುರು ಕೂತ. ನೀರಿನಲ್ಲಿ ನೆನೆದ ಅವನ ಬೆರಳುಗಳು ಒಣದ್ರಾಕ್ಷಿಯ ಹಾಗೆ ಸುಕ್ಕಾಗಿದ್ದವು. ಅಪ್ಪನ ಬೆರಳೂ ಒಂದು ಕಾಲಕ್ಕೆ ಹೀಗೇ ಇರುತ್ತಿದ್ದವು.

"ತಿನ್ನಪ್ಪ, ಆರಿಹೋಗುತ್ತೆ," ಎಂದ ಖೋಯ್. ಅಪ್ಪ ಊಟದ ಕಡ್ಡಿ ಮುಟ್ಟಲಿಲ್ಲ. ದೋಣಿ ದಡ ಬಿಟ್ಟಿತು.

"ಬೈಯ್ಯೋದಾದ್ರೆ ಬೈದುಬಿಡು. ಹಿಂಗೆ ಗುಮ್ಮನಂಗೆ ಕೂರಬೇಡ. ಊರಲ್ಲಿ ಯಾರಪ್ಪ ನೋಡ್ತಾರೆ ಈಗ? ಕೊಳದ ತುಂಬ ಪಾಚಿ. ನೀನು ಕಣ್ಣು ಮುಚ್ಚಿದ್ರೆ ದೀಪಾನೂ ಮುಚ್ಚಿಹೋಗ್ತಿತ್ತು. ಇಲ್ಲಿ ದಿನಾ ಹೊತ್ಕೊಳುತ್ತೆ."

"ಪ್ರಮಾಣ ಮಾಡಿದ್ದೆಯಲ್ಲೋ," ಎಂದ ಅಪ್ಪ. ದನಿ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು.

"ಮಾಡಿದ್ದೆ. ಮುರಿದಿಲ್ಲ."

"ಮುರಿದಿಲ್ವಾ!" ಮಿಯೆನ್‌ಗೆ ತಡೆಯಲಾಗಲಿಲ್ಲ. "ಆ ಹುಡುಗೀರು ಯಾರೋ, ದೀಪ ಆಡಿಸಿದೋರು? ಯಾವ ಊರಿನೋರು, ಯಾರ ಮಕ್ಕಳು? ಅವರಿಗೆ ಹೇಳ್ಕೊಟ್ಟೆ. ನಾನು ನಿನ್ನ ಎತ್ತಿ ಆಡಿಸಿದೋಳು, ನಿನ್ನ ಕುಂಡಿ ತೊಳೆದೋಳು ಕಣೋ! ಒಂದು ದಿನ, ಒಂದೇ ಒಂದು ದಿನ, ಅಕ್ಕ ಬಾ ಇಲ್ಲಿ ಅಂತ ಹೇಳ್ಬೇಕು ಅನ್ನಿಸಲಿಲ್ವಾ ನಿಂಗೆ?"

ಪಕ್ಕದ ಮೇಜಿನವರು ತಿರುಗಿ ನೋಡಿದರು. ಖೋಯ್ ತಲೆ ತಗ್ಗಿಸಿದ.

"ಅನ್ನಿಸಿತ್ತಕ್ಕ. ಆದ್ರೆ ಹೇಳೋ ಹಂಗಿರಲಿಲ್ಲ. ಕೋಳಿ ರಕ್ತ ಬೆರೆಸಿದ ಹೆಂಡ ಕುಡಿಸಿ ಅಪ್ಪ ಹೇಳಿಸಿದ್ದು ಏನು ಗೊತ್ತಾ? ಹೆಂಡತಿಗೆ, ಮಗಳಿಗೆ, ಅಕ್ಕತಂಗೀರಿಗೆ ಹೇಳಿದ್ರೆ ನನ್ನ ವಂಶ ನೀರುಪಾಲಾಗಲಿ ಅಂತ. ಅಷ್ಟೇ. ಊರೋರಿಗೆ, ಪರದೇಸಿಗಳಿಗೆ ಹೇಳಬೇಡ ಅಂತ ಆ ಮಾತಲ್ಲಿ ಇಲ್ಲವೇ ಇಲ್ಲ. ಬೇಕಾದ್ರೆ ಅಪ್ಪನ್ನೇ ಕೇಳು. ನನ್ನ ಮಗಳು ಕಾಡ್ತಾಳೆ, ಅವಳಿಗೂ ಹೇಳಿಲ್ಲ ನಾನು. ಅವಳು ಆಟ ನೋಡೋಕೆ ಬಂದ್ರೆ ಹಿಂದೆ ಬಿಡಲ್ಲ."

ಮಿಯೆನ್ ಅಪ್ಪನ ಕಡೆ ನೋಡಿದಳು. ಇಲ್ಲ ಅನ್ನಲಿ, ಒಂದು ಸಲ ರೇಗಿ ಮೇಜು ಗುದ್ದಲಿ, ಲೇ ಮನೆಮುರುಕ ಅನ್ನಲಿ ಅಂತ ಕಾದಳು.

ಅಪ್ಪ ತುಟಿಯಲ್ಲೇ ಆ ಹಳೆಯ ಪ್ರಮಾಣದ ಮಾತುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿರುವುದು ಕಾಣುತ್ತಿತ್ತು.

"ಅವನು ಹೇಳೋದು ಸರಿ," ಎಂದ ಕಡೆಗೆ. "ಮಾತು ಉಳಿಸ್ಕೊಂಡಿದ್ದಾನೆ."

ಯಾರೋ ಕೆಳಗಿನಿಂದ ಖೋಯ್‌ನನ್ನು ಕರೆದರು. ಕಂಪನಿಯ ಯಜಮಾನರಂತೆ. ಬರ್ತೀನಿ ಅಂತ ಅವನು ಎದ್ದು ಹೋದ. ಹೋಗುವಾಗ ಅಕ್ಕನ ಹೆಗಲು ಮುಟ್ಟಲು ಕೈ ಚಾಚಿದ, ಅವಳು ಸರಿದಳು.

ಹಾಡುವ ಹುಡುಗಿ ಏನೋ ಹಾಡುತ್ತಿದ್ದಳು. ನದಿಯ ಎರಡು ದಡದಲ್ಲೂ ಗೋಪುರದಂಥ ಕಟ್ಟಡಗಳು ಹೊಳೆಯುತ್ತಿದ್ದವು. ಅಪ್ಪ ಕುಗ್ಗಿಹೋಗಿ ಕೂತಿದ್ದ; ಇವನೇನಾ ಒಂದು ಗದರಿಕೆಗೆ ಮೇಳವನ್ನೆಲ್ಲ ನಡುಗಿಸುತ್ತಿದ್ದವನು ಅನ್ನುವ ಹಾಗೆ. ಮಿಯೆನ್‌ಗೆ ಸಿಟ್ಟಿಗಿಂತ ಹೆಚ್ಚಾಗಿ ಸಂಕಟವಾಯಿತು. ಅವಳು ಕುರ್ಚಿಯನ್ನು ಅಪ್ಪನ ಪಕ್ಕಕ್ಕೆ ಎಳೆದುಕೊಂಡಳು.

"ಅಪ್ಪ, ಪೂಜೆವರೆಗೂ ಯಾಕೆ ಕಾಯೋದು? ಈಗಲೇ ಹೇಳು. ಯಾರೂ ಇಲ್ಲ."

"ಈಗ ಕೇಳಿ ಏನ್ ಮಾಡ್ತೀಯ? ಎಲ್ಲಾ ಬಟಾಬಯಲಾಯ್ತು."

"ಆಗಲಿ. ನೀನು ಹೇಳಿದ್ರೆ ಸಾಕು ನಂಗೆ."

ಅಪ್ಪ ಅವಳ ಮುಖ ನೋಡಿದ. ಎಷ್ಟು ವರ್ಷದ ಮೇಲೆ ಸರಿಯಾಗಿ ಕಾಣುತ್ತಿದ್ದ ಮುಖವೋ! ಆಮೇಲೆ ಹಿಂದೆ ಮುಂದೆ ನೋಡಿ, ಅವಳ ಕಿವಿಯ ಹತ್ತಿರಕ್ಕೆ ಬಗ್ಗಿದ. ಅವನ ಉಸಿರು ಬಿಸಿಯಾಗಿತ್ತು. ಮಿಯೆನ್ ಚಿಕ್ಕ ಹುಡುಗಿಯ ಹಾಗೆ ಕಣ್ಣು ಮುಚ್ಚಿಕೊಂಡಳು.

"ಮೊಗ್ಗಿನ ಒಳಗೆ ಟೊಳ್ಳು," ಎಂದು ಪಿಸುಗುಟ್ಟಿದ. "ದೀಪ ಮೊದಲೇ ಹಚ್ಚಿಟ್ಟಿರ್ತೀವಿ. ದಳ ಮುಚ್ಚಿ, ಸಂದಿಗೆಲ್ಲ ಜೇನುಮೇಣ ಮೆತ್ತೋದು. ನೀರಲ್ಲಿ ಮುಳುಗಿಸೋದು. ಮೇಲೆತ್ತಿ ದಾರ ಎಳೆದ್ರೆ ಬಿಚ್ಕೊಳುತ್ತೆ."

ಅವಳು ಕಾದಳು.

"ದೀಪ ಮೊದಲೇ ಹಚ್ಚಿರ್ತೀರಾ?"

"ಹೂಂ. ಮೊದಲೇ."

"ಒಳಗೆ ಆರಿಹೋಗಲ್ವಾ ಅಪ್ಪ? ಗಾಳಿ ಇಲ್ದೆ?"

ಅಪ್ಪ ಅವಳ ಮುಖದಿಂದ ಕಣ್ಣು ತೆಗೆದು ನೀರಿನ ಕಡೆ ನೋಡಿದ. ಈಗ ಹೇಳುತ್ತಾನೆ ಅಂದುಕೊಂಡಳು ಮಿಯೆನ್. ದೇವರೇ, ಒಂದು ಮಾತು. ಕೆಂಡ ಅನ್ನಲಿ. ಬೇರೇನೂ ಬೇಡ.

"ಆರಲ್ಲ," ಎಂದ ಅಪ್ಪ. "ಮೂಲಪುರುಷನ ದಯೆ. ನಂಬಿಕೆ ಇರ್ಬೇಕು."

"ಮತ್ತೇನೂ ಇಲ್ವಾ? ಇಷ್ಟೇನಾ?"

"ಇಷ್ಟೇ ಕಣಮ್ಮ. ನಿನ್ನಿಂದ ಏನು ಮುಚ್ಚಿಡೋದಿದೆ ನಂಗೆ?"

ಕಣಮ್ಮ ಅಂದಿದ್ದ. ಅಷ್ಟು ಮೆತ್ತಗೆ ಅವನು ಯಾವತ್ತೂ ಅವಳನ್ನು ಕರೆದದ್ದಿಲ್ಲ. ಹೌದಾ ಎನ್ನುವಂತೆ ತಲೆ ಆಡಿಸಿದಳು, ಈಗಷ್ಟೇ ತಿಳಿದವಳ ಹಾಗೆ ಕಣ್ಣು ಅಗಲಿಸಿದಳು.

ಅಪ್ಪ ದೊಡ್ಡದಾಗಿ ಉಸಿರು ಬಿಟ್ಟು ನೆಟ್ಟಗೆ ಕೂತ. ಹೊರೆ ಇಳಿಸಿದವನ ಹಾಗೆ ಕಂಡ. ಕಡ್ಡಿ ಕೈಗೆತ್ತಿಕೊಂಡು, "ಹಸಿವು ಈಗ ಗೊತ್ತಾಗ್ತಿದೆ. ಆ ಮೀನು ಇತ್ತ ಹಾಕು," ಎಂದ. ದೋಣಿ ಸೇತುವೆಯ ಹತ್ತಿರ ಬಂದು ಹಿಂದಿರುಗಲು ನಿಧಾನವಾಗಿ ಹೊರಳುತ್ತಿತ್ತು. ಮೇಜಿನ ಮೇಲಿನ ಬಟ್ಟಲುಗಳು ಸಣ್ಣಗೆ ಅಲುಗಿದವು. ಅಪ್ಪ ಆಸೆಯಿಂದ ತಿನ್ನತೊಡಗಿದ. ಮಿಯೆನ್ ಮುಳ್ಳು ಬಿಡಿಸಿ, ಬೆರಳಿನಿಂದ ಸವರಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದೊಂದೇ ಚೂರನ್ನು ಅವನ ಬಟ್ಟಲಿಗೆ ಹಾಕುತ್ತ ಹೋದಳು.